ಬಿತ್ತುವ ಹದ

ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ಸರದಿಗೆ ಕಾದಿದ್ದ ದರ್ಜಿಯಮ್ಮ, ಪಕ್ಕದಲ್ಲಿದ್ದ ಮುದಿ ಮಾಲಿ ಮತ್ತು ಅವನ ಹೆಂಡತಿಯ ಮಾತಿಗೆ ಕಿವಿಗೊಟ್ಟಿದ್ದಳು.

“ಆಪರೇಷನ್ ಆದ್ಮೇಲೆ ಒಂದು ತಿಂಗಳು ಬಗ್ಗಬಾರದಂತೆ. ಮೊದಲ ಮಳೆ ಬಿದ್ದಿದೆ, ಮಣ್ಣು ಇನ್ನೂ ಬೆಚ್ಚಗಿದೆ. ಸ್ಕೂಲಿನ ಲಾನಿಗೆ ಹುಲ್ಲಿನ ಬೀಜ ಹಾಕೋಕೆ ಇದೇ ಹದ. ಬಿತ್ತಿ ಬರ್ತೀನಿ ಕಣೇ.”

“ತಡವಾದ್ರೆ ಇರೋ ದೃಷ್ಟಿನೂ ಹೋಗುತ್ತೆ ಅಂದ್ರಲ್ಲ ಡಾಕ್ಟ್ರು! ಹುಲ್ಲು ಮುಂದಿನ ವರ್ಷನೂ ಹುಟ್ಟುತ್ತೆ. ಕಣ್ಣು ಹುಟ್ಟುತ್ತೇನ್ರೀ?”

“ಮಕ್ಕಳು ಬರೀ ನೆಲದ ಮೇಲೆ ಬಿದ್ದು ಮಂಡಿ ತರಚ್ಕೊಳ್ತಾವೆ.”

“ನಾನು ಬಿತ್ತಿದ್ರೆ ಹುಟ್ಟಲ್ವಾ?”

“ನೀನಾ? ಕೋಳಿಗೆ ಕಾಳು ಎರಚಿದಂಗೆ ಎರಚ್ತೀಯ.”

“ನಲವತ್ತು ವರ್ಷದಲ್ಲಿ ಒಂದ್ಸಲ ಕೈಗೆ ಕೊಟ್ಟಿದ್ರೆ ತಾನೆ ಕಲಿಯೋದು!”

ನರ್ಸ್ ಕರೆದಳು. ಮಾಲಿ ಎದ್ದ. ಮಡಿಲಲ್ಲಿಟ್ಟುಕೊಂಡಿದ್ದ ಬೀಜದ ಚೀಲವನ್ನು, ತಡಕಾಡಿ, ಹೆಂಡತಿಯ ಕೈಗಿಟ್ಟ.

“ಬೆಳಿಗ್ಗೆ ಮಣ್ಣಿಗೆ ಅಂಗೈ ಊರಿ ನೋಡು. ಬೆಚ್ಚಗಿದ್ರೆ ಮಾತ್ರ ಬಿತ್ತು.”

“ಆಯ್ತು. ನೀವು ಕಾಲೆತ್ತಿಡಿ, ಹೊಸ್ತಿಲಿದೆ.”

ಇಬ್ಬರೂ ಒಳಗೆ ಹೋದರು.