ಎರಡನೆಯ ವಾಕ್ಯ

ಮನೆಯಾಕೆ ತೀರಿಕೊಂಡ ಮೇಲೆ ತಿಂಗಳಿಗೊಂದು ಭಾನುವಾರ ಮಾದಪ್ಪನ ದರ್ಶನಕ್ಕೆ ಒಬ್ಬನೇ ಹೋಗುತ್ತೇನೆ. ಈ ಸಲ ಕೊಳ್ಳೇಗಾಲದಲ್ಲಿ ಬೆಟ್ಟದ ಬಸ್ಸು ಹತ್ತಿದಾಗ ಮುಂದಿನ ಸೀಟಿನಲ್ಲಿ ನಮ್ಮ ಬೀದಿಯ ನೇಕಾರರ ಮನೆಯ ಅಜ್ಜಿ ಮತ್ತು ಮೊಮ್ಮಗಳು ಲಿಖಿತಾ ಕುಳಿತಿದ್ದರು. ಹುಡುಗಿಯ ತೊಡೆಯ ಮೇಲೆ ಇಂಗ್ಲಿಷ್ ನೋಟ್‌ಬುಕ್ಕಿತ್ತು.

“ಅಜ್ಜಿ, ‘ಡಿಸೆಂಟ್ಯಾಂಗಲ್’ ಅಂದ್ರೆ ಸಿಕ್ಕು ಬುಡ್ಸೋದು. ಎರಡು ವಾಕ್ಯ ಬರೀಬೇಕು.”

“ನಮ್ಮಜ್ಜಿ ರೇಷ್ಮೆ ನೂಲಿನ ಸಿಕ್ಕು ಬುಡುಸ್ತಾಳೆ ಅಂತ ಬರಿ.”

“ಅದ ಬರ್ದಾಯ್ತು. ಎರಡನೇದ್ರಲ್ಲಿ ನೂಲು ಇರ್ಬಾರ್ದಂತೆ. ಕೂದ್ಲೂ ಬ್ಯಾಡ್ವಂತೆ.”

“ನೂಲಿಲ್ದೆ ಸಿಕ್ಕೆಲ್ಲಿಂದ ಬತ್ತದೆ? ನಿಮ್ಮ ಮಿಸ್ಸು ಮಗ್ಗ ಕಂಡವ್ಳಲ್ಲ ಬುಡು.”

“ಜಗಳ ಆದ್ರೂ ಸಿಕ್ಕೇ ಅಂತೆ ಅಜ್ಜಿ. ಅಪ್ಪ, ಚಿಕ್ಕಪ್ಪಂದು ಬರೀಲಾ?”

ಅಜ್ಜಿ ನೋಟ್‌ಬುಕ್ಕಿನ ಮೇಲೆ ಕೈಯಿಟ್ಟಳು.

“ಎರಡು ವರ್ಸಾಯ್ತು ಕಣವ್ವ. ಮಗ್ಗ ಯಾರ್ಗೆ ಅಂತ ಸುರುವಾಯ್ತು. ಈಗ ಮಗ್ಗ ಸುಮ್ಕೆ ನಿಂತದೆ.”

“ತಾತನ ತಿಥಿಗೆ ಚಿಕ್ಕಪ್ಪ ಬತ್ತಾರಾ?”

“ಕರಿಯಾಕೇ ತಾನೇ ಅನೂರಿಗೆ ಓಯ್ತಿರೋದು. ನಾನು ಫೋನ್ ಮಾಡಿದ್ರೆ ಎತ್ತಲ್ಲ. ನಿನ್ನ ಮಕ ಕಂಡ್ರಾದ್ರೂ ಬಾಗ್ಲು ತಗೀಲಿ ಅಂತ ಕರ್ಕಂಡು ಬಂದಿವ್ನಿ.”

“ಅಂಗಾರೆ ‘ಅಜ್ಜಿ ಜಗಳ ಬುಡ್ಸುದ್ಳು’ ಅಂತ ಬರ್ಕತೀನಿ.”

“ಬ್ಯಾಡ. ಆಗ್ದೇ ಇರೋದ ಈಗ್ಲೇ ಬರೀಬಾರ್ದು. ಎರಡು ಗೆರೆ ಜಾಗ ಬುಡು. ವಾಪಸ್ ಬರುವಾಗ ಬರಿಯುವಂತೆ.”

ಚಿಕ್ಕಪ್ಪನ ಊರು ಹನೂರು ಬಂತು. ಅಜ್ಜಿ ಮೊಮ್ಮಗಳ ಭುಜ ಹಿಡಿದು ನಿಧಾನವಾಗಿ ಇಳಿದಳು. ಕೆಳಗಿನಿಂದ ಅವಳ ದನಿ ಕೇಳಿತು.

“ಪೆನ್ನ ಉಸಾರಾಗಿ ಮಡೀಕಂಡಿದ್ದೀಯಾ?”