ಚೀಟಿಯಲ್ಲಿ ಬರೆಸದ ಕಸುಬು

ಎದೆರೋಗದ ಡಾಕ್ಟರ ಬಾಗಿಲ ಮುಂದೆ ದಾನೇಶ್ವರಿ ತನ್ನ ಸರದಿಗೆ ಕಾಯುತ್ತಿದ್ದಳು. ಅದೇ ಬೆಂಚಿನ ಮೇಲೆ ತಿರ್ಲಾಪುರದ ಕೆಂಚವ್ವ, ಅವಳ ಮೈದುನ ಸುಭಾಸ. ಒಳಗೆ ಕೆಂಚವ್ವನ ಗಂಡ ಶಿದ್ಲಿಂಗಪ್ಪನ ಎದೆಯಿಂದ ಮೂರನೆಯ ಸಲ ನೀರು ತೆಗೆಯುತ್ತಿದ್ದರು.

“ಆರು ತಿಂಗಳ ಟಿಬಿ ಗುಳಿಗಿ ನುಂಗಿದ್ದು ಎಲ್ಲಿ ಹೋತು?” ಕೆಂಚವ್ವ ಕೆಮ್ಮುತ್ತ ಮೈದುನನನ್ನು ಕೇಳಿದಳು.

“ಡಾಕ್ಟರು ಕೇಳಿದ್ದೆಲ್ಲಾ ಹೇಳೇನಿ, ವೈನಿ.”

“ಕಸುಬು ಏನಂತ ಬರಸಿದಿ?”

“ಒಕ್ಕಲುತನ.”

“ಇಪ್ಪತ್ತು ವರ್ಷ ಆಸ್ಬೆಸ್ಟಾಸ್ ಶೀಟು ಕೊಯ್ದಾಂವಗ ಒಕ್ಕಲುತನ? ಮೀಸಿ ತುಂಬ ಬಿಳೇ ಧೂಳ ಹೊತ್ಕೊಂಡ ಬರ್ತಿದ್ದ!”

“ನನ್ನ ಮಗಳು ರೇಷ್ಮಾಗ ವರ ನೋಡಾಕತ್ತೇವಿ. ಅಣ್ಣ ಕೂಲಿಯಾಂವ ಅಂದ್ರ ಬೀಗರು ಏನಂದಾರು?”

“ಥೂ! ಬೀಗರು ದವಾಖಾನಿ ಚೀಟಿ ಓದಾಕ ಬರ್ತಾರೇನ?”

ಮಾತು ಕೇಳಿಸಿಕೊಂಡ ದಾನೇಶ್ವರಿ ಹೇಸಿ ಸುಭಾಸನಿಂದ ಒಂದು ಗೇಣು ಆಚೆ ಸರಿದು ಕುಳಿತಳು.

ನರ್ಸ್ ಬಾಗಿಲು ತೆರೆದಳು. “ಶಿದ್ಲಿಂಗಪ್ಪನ ಕಡಿಯವರು ಬರ್ರಿ. ಸ್ಕ್ಯಾನಿನಾಗ ಪುಪ್ಪಸದ ಪೊರಿ ದಪ್ಪ ಆಗೇತಿ. ಕ್ಯಾನ್ಸರ್ ಐತೇನ ನೋಡಾಕ ತುಣುಕು ತಗದು ತಪಾಸ ಮಾಡಬೇಕು. ಹಿಂದ ಯಾವ ಧೂಳಿನಾಗ ದುಡದಾರಂತ ಡಾಕ್ಟರು ಕೇಳಾಕತ್ತಾರ.”

ಸುಭಾಸ ಎದ್ದ. “ನಾ ಹೇಳ್ತೇನ್ರಿ.”

ಕೆಂಚವ್ವ ಅವನ ಕೈಯ ಫೈಲು ಕಸಿದುಕೊಂಡಳು.

“ನೀ ಕುಂದ್ರು. ದಿನಾ ಅಂವನ ಅಂಗೀ ಧೂಳ ಝಾಡಿಸಿ ಒಗದಾಕಿ ನಾನು.”

ಕೆಮ್ಮುತ್ತಲೇ ಒಳಗೆ ಹೋದಳು.