ಸೋಮೇಶನ ಲೇಸರ್ ಲೈಟು

ಬೆಟಗೇರಿಯ ರಿಪೇರಿ ಅಂಗಡಿಯಲ್ಲಿ ಮಿಕ್ಸಿ ಹಿಡಿದು ಕುಳಿತಿದ್ದೆ. ನನಗಿಂತ ಮುಂದೆ ಲಕ್ಕುಂಡಿಯ ಒಬ್ಬ ಅಜ್ಜಿ. ಅವಳ ತೊಡೆಯ ಮೇಲೆ ಲೇಸರ್ ಲೈಟಿನ ಪೆಟ್ಟಿಗೆ, ಮದುವೆ ಮನೆಗಳಲ್ಲಿ ಗೋಡೆ ತುಂಬ ಹಸಿರು ಚುಕ್ಕಿ ಕುಣಿಸುತ್ತದಲ್ಲ, ಅಂಥದು.

"ಏನಾಗೇತ್ರಿ ಯವ್ವಾ?" ಎಂದ ಅಂಗಡಿಯವ.

"ಫ್ಯಾನ್ ತಿರಗತೈತಿ, ಬೆಳಕ ಬರೂದಿಲ್ಲಪಾ. ನನ್ನ ಮಗ ಸೋಮೇಶಂದು. ಅಂವ ಹೋಗಿ ಎಂಟ ತಿಂಗಳಾತು. ಮೊಮ್ಮಗಳು ದಿನಾ ಸಂಜಿಗೆ ಅಪ್ಪನ ದೀಪ ಹಚ್ಚು ಅಂತಾಳ."

ಅವನು ಪ್ಲಗ್ ಹಾಕಿದ. ಫ್ಯಾನ್ ತಿರುಗಿತು. ಎಲ್ಲರೂ ಸುಮ್ಮನೆ ಗೋಡೆ ನೋಡಿದೆವು, ಏನೂ ಮೂಡಲಿಲ್ಲ.

ಪ್ಲಗ್ ಕಿತ್ತು, ಫ್ಯೂಸ್ ತೆಗೆದು ಮೀಟರ್ ಹಿಡಿದ. "ಫ್ಯೂಸ್ ಚಲೋ ಐತಿ." ಪೆಟ್ಟಿಗೆಯ ಹಿಂದಿನ ಸ್ವಿಚ್ ನೋಡಿದ. "ಮನ್ಯಾಗ ಇದನ್ನ ಹಚ್ಚಿದಾಗ ಹಾಡು ಹಚ್ಚಿದ್ರೇನು?"

"ಸತ್ತ ಮನ್ಯಾಗ ಎಲ್ಲೀ ಹಾಡಪಾ? ವರ್ಷ ತುಂಬೂತನಕಾ ಟೀವಿನೂ ಹಚ್ಚಂಗಿಲ್ಲ."

"ಹಂಗಾದ್ರ ಇದು ಕೆಟ್ಟಿಲ್ಲರಿ. ಜೋರ ಸಪ್ಪಳ ಕೇಳಿದ್ರಷ್ಟ ಬೆಳಕ ಬಿಡೂಹಂಗ ಇಟ್ಟಾನ ನಿಮ್ಮ ಮಗ."

ಫ್ಯೂಸ್ ಕೂಡಿಸಿ, ಮತ್ತೆ ಪ್ಲಗ್ ಹಾಕಿ ಒಂದು ಚಪ್ಪಾಳೆ ತಟ್ಟಿದ. ಗೋಡೆ ತುಂಬ ಹಸಿರು ಚುಕ್ಕಿಗಳೆದ್ದು, ಕುಣಿದು, ಆರಿದವು.

"ಸಪ್ಪಳ ಇಲ್ಲದನೂ ಹತ್ತೂಹಂಗ ಮಾಡ್ಲೇನ್ರಿ?"

"ಬ್ಯಾಡ. ಅಂವ ಇಟ್ಟಂಗ ಇರಲಿ."

ಪೆಟ್ಟಿಗೆಯನ್ನು ಎದೆಗೊತ್ತಿ ಎದ್ದವಳು ಮೆಟ್ಟಿಲ ಮೇಲೆ ನಿಂತಳು.

"ಅಪ್ಪ ಹಿಂಗ ಮಾಡತಿದ್ದ ಅಂತ ಕೂಸು ದಿನಾ ಚಪ್ಪಾಳಿ ಹೊಡ್ಯಾಕ ಕೈ ಎತ್ತತಿತ್ತಪಾ. ಸತ್ತ ಮನ್ಯಾಗ ಹೊಡೀಬಾರದಂತ ಆ ಕೈ ನಾನ ಹಿಡೀತಿದ್ದೆ."

ಅಷ್ಟು ಹೇಳಿ, ಬಸ್ಸಿನ ಕಡೆ ನಡೆದಳು.